ಕೊಕ್ಕೆಯ ಹಿಂದೆ ಏನಿದೆ?

ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ, ಆಫ್‌ರೋಡ್ ವಾಹನ ಇಟ್ಟುಕೊಂಡ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಹಲಗೆಯ ಮೇಲೆ ಗೀಚಿದ ಲೆಕ್ಕಗಳನ್ನು ವಾಕ್ಯಗಳಾಗಿ ಬಿಡಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ವಿಂಚ್, ಎಂದರೆ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ, ಕೂರಿಸಬೇಕೆಂದು ಬರುವವರು ಬಾಗಿಲಲ್ಲೇ ಕೇಳುವ ಪ್ರಶ್ನೆ ಒಂದೇ: “ಎಷ್ಟು ಎಂಎಂ ಪ್ಲೇಟು ಹಾಕುತ್ತೀರಿ ಸರ್?” ಎಂಟು ಎಂದರೆ ಮುಖ ಸಪ್ಪಗಾಗುತ್ತದೆ, ಹತ್ತು ಎಂದರೆ ಸಮಾಧಾನ, ಹನ್ನೆರಡು ಎಂದರೆ ಹಬ್ಬ. ಆ ಪ್ಲೇಟನ್ನು ಯಾವುದಕ್ಕೆ ಕಟ್ಟುತ್ತೀರಿ, ಅದರ ಹಿಂದೆ ಏನಿದೆ ಎಂದು ಕೇಳುವವರು ಅಪರೂಪ. ಇವತ್ತಿನ ಮಾತೆಲ್ಲ ಆ ಕೇಳದ ಪ್ರಶ್ನೆಯ ಸುತ್ತಲೇ.

ಮೇಜಿನ ಮೇಲೆ ಒಂದು ಬ್ರಾಕೆಟ್ ಇಟ್ಟಿದ್ದೇನೆ. ಪಿಕಪ್ ಒಂದರ ಮುಂಭಾಗದಿಂದ ಬಿಚ್ಚಿದ್ದು. ಹತ್ತಿರ ಬಂದು ನೋಡಿ. 10 ಮಿ.ಮೀ. ಪ್ಲೇಟು, ಕಪ್ಪು ಪೌಡರ್ ಕೋಟಿಂಗ್, ಎಲ್ಲೂ ಒಂದು ಗೀರಿಲ್ಲ. ಪಕ್ಕದಲ್ಲಿರುವುದು ಅದೇ ವಾಹನದ ಚಾಸಿಯಿಂದ ಕತ್ತರಿಸಿ ತೆಗೆದ ತುಂಡು. ಬೋಲ್ಟಿನ ತೂತು ದುಂಡಗಿಲ್ಲ, ಉದ್ದಕ್ಕೆ ಎಳೆದುಕೊಂಡಿದೆ. ಮುಂದಿನ ಅಂಚಿನಲ್ಲಿ ಲೋಹ ಸುಕ್ಕುಗಟ್ಟಿ ತುಟಿಯಂತೆ ಎದ್ದಿದೆ. ಒಳಗೋಡೆ ಒಳಕ್ಕೆ ಕುಸಿದಿದೆ. ಅದರ ಮೇಲೆ ಬೆರಳಾಡಿಸಿದರೆ ವಾಷರಿನ ಅಚ್ಚು ಕೈಗೆ ಸಿಗುತ್ತದೆ. ಮಾಲೀಕರು ದುಡ್ಡು ಸುರಿದದ್ದು ಪ್ಲೇಟಿಗೆ, ಸೋತದ್ದು ಚಾಸಿ. ಗಟ್ಟಿಯಾಗಿರುವುದನ್ನು ಇನ್ನಷ್ಟು ಗಟ್ಟಿ ಮಾಡಿದರೆ ದೌರ್ಬಲ್ಯ ಹೋಗುವುದಿಲ್ಲ, ಪಕ್ಕದ ಮನೆಗೆ ವಾಸ ಬದಲಿಸುತ್ತದೆ.

ಎಳೆತ ಎಷ್ಟಿರುತ್ತದೆ ಎಂಬುದನ್ನು ಮೊದಲು ನೋಡೋಣ. ವಿಂಚ್ ವಿಷಯದಲ್ಲಿ ಇದು ಸುಲಭ, ಅದರ ಮೇಲೆಯೇ ಬರೆದಿರುತ್ತದೆ. 9,500 ಪೌಂಡ್ ವಿಂಚ್ ಎಂದರೆ ಸುಮಾರು 4.3 ಟನ್. ಅದೂ ಡ್ರಮ್ಮಿನ ಮೊದಲ ಸುತ್ತಿನಲ್ಲಿ ಮಾತ್ರ. ಹಗ್ಗದ ಸುತ್ತುಗಳು ಒಂದರ ಮೇಲೊಂದು ಕೂತಂತೆ ಎಳೆಯುವ ಶಕ್ತಿ ಇಳಿಯುತ್ತದೆ. ವಾಹನದ ಒಟ್ಟು ತೂಕದ ಒಂದೂವರೆ ಪಟ್ಟು ಸಾಮರ್ಥ್ಯದ ವಿಂಚ್ ತೆಗೆದುಕೊಳ್ಳಿ ಎನ್ನುವ ರೂಢಿಯ ಲೆಕ್ಕ ಹುಟ್ಟಿದ್ದು ಸುಮ್ಮನೆ ಅಲ್ಲ. ಚಕ್ರದ ಹಬ್ ಮುಟ್ಟುವಷ್ಟು ಕೆಸರಿನಲ್ಲಿ ಹೂತ ವಾಹನವನ್ನು ಅಲುಗಿಸಲು ಹೆಚ್ಚುಕಡಿಮೆ ಅದರ ತೂಕದಷ್ಟೇ ಎಳೆತ ಬೇಕು. ಮಡ್‌ಗಾರ್ಡ್‌ವರೆಗೆ ಇಳಿದಿದ್ದರೆ ಎರಡು ಪಟ್ಟು. ಮಳೆ ನಿಂತ ವಾರದಲ್ಲಿ ನಮ್ಮ ಕೆರೆಯಂಗಳಗಳಿಗೆ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಾಹನ ಓಡಿಬಂದು ಜಗ್ಗುವ ಪದ್ಧತಿಯಲ್ಲಿ ಎಳೆತ ಎಲ್ಲೂ ಬರೆದಿರುವುದಿಲ್ಲ. 2 ಟನ್ ತೂಕದ ಗಾಡಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೊರಟಿತು ಎನ್ನೋಣ. ಅದರಲ್ಲಿರುವ ಚಲನಶಕ್ತಿ ಸುಮಾರು 17,400 ಜೂಲ್. ಎರಡು ಗಾಡಿಗಳ ನಡುವೆ ಕಟ್ಟಿದ್ದು 9 ಮೀಟರಿನ ಹಿಗ್ಗುವ ಪಟ್ಟಿಯಾಗಿದ್ದು ಐದನೆಯ ಒಂದು ಭಾಗ, ಎಂದರೆ 1.8 ಮೀಟರ್ ಹಿಗ್ಗಿದರೆ ಪಟ್ಟಿ ಸಿಕ್ಕಿಸಿದ ಕೊಕ್ಕೆಯ ಮೇಲೆ ಬೀಳುವ ಗರಿಷ್ಠ ಎಳೆತ 2 ಟನ್ ಆಸುಪಾಸು. ಅದೇ ಜಾಗದಲ್ಲಿ ಹೆಚ್ಚು ಹಿಗ್ಗದ ಲಾರಿ ಬೆಲ್ಟ್ ಕಟ್ಟಿ, ಅದು 30 ಸೆಂ.ಮೀ. ಮಾತ್ರ ಹಿಗ್ಗಿದರೆ? ಅದೇ ಗಾಡಿ, ಅದೇ ವೇಗ, 11.8 ಟನ್. ಎಂಜಿನ್ನಿನ ತಳ್ಳುವಿಕೆಯನ್ನು ಇದಕ್ಕೆ ಸೇರಿಸಿಯೇ ಇಲ್ಲ. ಹೀಗಾಗಿ ಕೊಕ್ಕೆ ಬಲಪಡಿಸುವ ಮಾತಿಗೆ ಮೊದಲು, ಡಿಕ್ಕಿಯಲ್ಲಿ ಮಲಗಿರುವ ಆ ಲಾರಿ ಬೆಲ್ಟನ್ನು ಜಗ್ಗುವ ಕೆಲಸದಿಂದ ನಿವೃತ್ತಿಗೊಳಿಸಿ. ನಿಧಾನವಾಗಿ ಎಳೆದು ಮನೆ ಸೇರಿಸಲು ಅದು ಸಾಕು.

ಹಾಗಾದರೆ ಒಂದು ಕೊಕ್ಕೆ ಎಷ್ಟು ತಾಳಬೇಕು? ನಾನು ಉತ್ತರವನ್ನು ಹಗ್ಗದಿಂದ ಹಿಮ್ಮುಖವಾಗಿ ತೆಗೆಯುತ್ತೇನೆ. ನಮ್ಮಂಥವರ ಗಾಡಿಗೆ ಬಳಕೆಯಲ್ಲಿರುವ ಜಗ್ಗುವ ಪಟ್ಟಿ ಸಾಮಾನ್ಯವಾಗಿ 8 ಟನ್ನಿಗೆ ಹರಿಯುವಂಥದ್ದು. ಪಟ್ಟಿಯನ್ನು ಕೊಕ್ಕೆಗೆ ಸೇರಿಸುವ ಕಬ್ಬಿಣದ ಕೊಂಡಿಯಾದ ಶ್ಯಾಕಲ್ ಮೇಲೆ 4.75 ಟನ್ ಎಂದು ಅಚ್ಚೊತ್ತಿರುತ್ತದೆ, ಆದರೆ ಅದು ಕೆಲಸದ ಮಿತಿ. ಒಳ್ಳೆಯ ಶ್ಯಾಕಲ್‌ಗೆ ಆರು ಪಟ್ಟಿನ ಸುರಕ್ಷತಾ ಅಂತರ ಇಟ್ಟಿರುತ್ತಾರೆ, ಮುರಿಯಬೇಕಾದರೆ 28 ಟನ್ ಬೇಕು. ಅದು ಮುರಿಯುವುದಿಲ್ಲ. ಪಟ್ಟಿ ಮತ್ತು ಕೊಕ್ಕೆಯ ನಡುವೆ ಮೊದಲು ಸೋಲುವವರು ಯಾರು ಎಂಬುದೇ ಉಳಿಯುವ ಪ್ರಶ್ನೆ. ಪಟ್ಟಿ ಹರಿದರೆ ಬಟ್ಟೆ ಬೀಸುತ್ತದೆ, ಏಟು ಬೀಳುತ್ತದೆ. ಕೊಕ್ಕೆ ಕಿತ್ತರೆ ಕಬ್ಬಿಣದ ತುಂಡಿನೊಂದಿಗೆ ಶ್ಯಾಕಲ್ ಪಟ್ಟಿಯ ತುದಿಯಲ್ಲಿ ಹಾರಿ ಎದುರು ಗಾಡಿಯ ಗಾಜಿಗೆ ಬರುತ್ತದೆ. ಟ್ರೈಲರ್ ಕಟ್ಟುವ ಗುಂಡು ಮುರಿದು ಹಾರಿ ಜನ ಸತ್ತ ಘಟನೆಗಳು ಹೊರದೇಶಗಳಲ್ಲಿ ನಡೆದಿವೆ. ಕೊಕ್ಕೆಯ ಇಡೀ ಸರಪಳಿ, ಬೋಲ್ಟು ಮತ್ತು ಚಾಸಿ ಸೇರಿದಂತೆ, 8 ಟನ್ನಿನ ಪಟ್ಟಿ ಹರಿಯುವವರೆಗೆ ಅಲುಗಾಡದೆ ನಿಲ್ಲಬೇಕು. ನಾನು ಇಟ್ಟುಕೊಂಡ ಗುರಿ ಇದು.

ಕಂಪನಿಯಿಂದ ಬಂದ ಕೆಲವು ಗಾಡಿಗಳ ಮುಂದೆ ತೆಳುವಾದ ಬಳೆಯಂಥ ಕಂಬಿ ಇರುತ್ತದೆ. ಅದು ಹಡಗಿನಲ್ಲೋ ಟ್ರೈಲರ್‌ನಲ್ಲೋ ಸಾಗಿಸುವಾಗ ಗಾಡಿಯನ್ನು ಕೆಳಕ್ಕೆ ಬಿಗಿಯಲು ಇಟ್ಟದ್ದು. ಅದಕ್ಕೆ ಪಟ್ಟಿ ಹಾಕಬೇಡಿ. ಇದರ ಬಗ್ಗೆ ಇಷ್ಟು ಸಾಕು.

ಈಗ ಪ್ಲೇಟಿನ ತೂತಿಗೆ ಬರೋಣ. ಶ್ಯಾಕಲ್ ಪಿನ್ ಎಳೆದಾಗ ತೂತಿನ ಮುಂದಿನ ಲೋಹ ಎರಡು ಕಡೆ ಕತ್ತರಿಸಿಕೊಂಡು ಹೊರಬರಲು ನೋಡುತ್ತದೆ. ತೂತಿನಿಂದ ಪ್ಲೇಟಿನ ಅಂಚಿಗೆ ಎಷ್ಟು ಲೋಹ ಉಳಿದಿದೆ ಎಂಬುದು ಮುಖ್ಯ. 6 ಮಿ.ಮೀ. ಪ್ಲೇಟಿನಲ್ಲಿ 12 ಮಿ.ಮೀ. ಅಂಚು ಬಿಟ್ಟಿದ್ದರೆ ಸಾಮಾನ್ಯ ಮೈಲ್ಡ್ ಸ್ಟೀಲ್ ಎರಡು ಟನ್ ದಾಟುವಷ್ಟರಲ್ಲಿ ಬಗ್ಗುತ್ತದೆ. 12 ಮಿ.ಮೀ. ಪ್ಲೇಟಿನಲ್ಲಿ 25 ಮಿ.ಮೀ. ಅಂಚು ಬಿಟ್ಟರೆ 9 ಟನ್. ನೋಡಿ, ದಪ್ಪ ಎರಡು ಪಟ್ಟಾಯಿತು, ಅಂಚು ಎರಡು ಪಟ್ಟಾಯಿತು, ತಾಕತ್ತು ನಾಲ್ಕು ಪಟ್ಟಾಯಿತು. ಅಂಚಿಗೆ ಹೆಚ್ಚುವರಿ ದುಡ್ಡು ಬೀಳುವುದಿಲ್ಲ. ಡ್ರಾಯಿಂಗಿನಲ್ಲಿ ಗೆರೆಯನ್ನು ಒಂದಿಷ್ಟು ಆಚೆ ಎಳೆಯಬೇಕು, ಅಷ್ಟೇ. ತೂತನ್ನು ಗ್ಯಾಸ್ ಕಟಿಂಗ್‌ನಲ್ಲಿ ತೆಗೆಸಬೇಡಿ. ಅಂಚು ಹಲ್ಲುಹಲ್ಲಾಗಿ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಡ್ರಿಲ್ ಮಾಡಿಸಿ, ಅಥವಾ ಲೇಸರ್‌ನಲ್ಲಿ ಕತ್ತರಿಸಿ ಅಂಚನ್ನು ನುಣುಪು ಮಾಡಿಸಿ. ಈ ಬಡಾವಣೆಯಲ್ಲಿ ಲೇಸರ್ ಯಂತ್ರಗಳಿಗೆ ಬರವಿಲ್ಲ.

ಪ್ಲೇಟು ಪಾಸಾಯಿತು. ಇನ್ನು ಬೋಲ್ಟು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನ ಕೆಲಸ ಕೆಡುವುದು ಇಲ್ಲೇ.

ಬೋಲ್ಟು ಎರಡು ತುಂಡುಗಳನ್ನು ಹಿಡಿದಿಡುವುದು ಅಡ್ಡಗೂಟದಂತೆ ಎಂದು ನಾವು ಅಂದುಕೊಳ್ಳುತ್ತೇವೆ. ಬಿಗಿಯಾಗಿ ತಿರುಗಿಸಿದ ಬೋಲ್ಟು ಮೊದಲು ಮಾಡುವ ಕೆಲಸ ಬೇರೆ. ಅದು ಎರಡೂ ಪ್ಲೇಟುಗಳನ್ನು ಒತ್ತಿ ಹಿಡಿಯುತ್ತದೆ, ಎಳೆತವನ್ನು ತಡೆಯುವುದು ಆ ಪ್ಲೇಟುಗಳ ನಡುವಿನ ಘರ್ಷಣೆ. 12 ಮಿ.ಮೀ. ಅಳತೆಯ, ತಲೆಯ ಮೇಲೆ 8.8 ಎಂದು ಬಲದ ದರ್ಜೆ ಬರೆದ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಸುಮಾರು 85 ನ್ಯೂಟನ್ ಮೀಟರಿಗೆ ಬಿಗಿದರೆ ಅದು ಮೂರೂವರೆ ಟನ್ನಿಗೂ ಮಿಗಿಲಾಗಿ ಒತ್ತುತ್ತದೆ. ಅದರ ಐದನೆಯ ಒಂದು ಭಾಗ ಘರ್ಷಣೆಗೆ ಸಿಗುತ್ತದೆ ಎಂದು ಹಿಡಿದರೆ ಒಂದು ಬೋಲ್ಟಿಗೆ ಮುಕ್ಕಾಲು ಟನ್, ನಾಲ್ಕಕ್ಕೆ 3 ಟನ್. ನಮ್ಮ ವಿಂಚ್ ಎಳೆಯುವುದು 4.3 ಟನ್! ಪೂರ್ತಿ ಎಳೆದಾಗ ಬ್ರಾಕೆಟ್ ಜಾರುತ್ತದೆ, ಬೋಲ್ಟಿನ ಮೈ ತೂತಿನ ಗೋಡೆಗೆ ತಾಗುತ್ತದೆ. ಮುಂದಿನ ಎಳೆತದಲ್ಲಿ ಮತ್ತೆ ತಾಗುತ್ತದೆ. ತೂತು ಉದ್ದವಾಗುವ ಕಥೆ ಶುರುವಾಗುವುದು ಹೀಗೆ. ಕೂಡುವ ಮುಖಗಳಿಗೆ ದಪ್ಪಗೆ ಬಣ್ಣ ಬಳಿದಿದ್ದರೆ ಘರ್ಷಣೆ ಇನ್ನೂ ಕಡಿಮೆ. ಮೇಲಾಗಿ ಆ ಬಣ್ಣ ಕಾಲಕ್ರಮೇಣ ಹಿಂಡಿಹೋಗಿ ಬೋಲ್ಟು ಸಡಿಲವಾಗುತ್ತದೆ.

ಇನ್ನೊಂದು ತೊಂದರೆ ಚಾಸಿಯದೇ. ನಮ್ಮ ಹೆಚ್ಚಿನ ಲ್ಯಾಡರ್ (ಏಣಿಯಾಕಾರದ) ಚಾಸಿಗಳ ಮುಂಭಾಗ ಪೆಟ್ಟಿಗೆಯಾಕಾರದ ಟೊಳ್ಳು ಕೊಳವೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಉದ್ದ ಬೋಲ್ಟು ತೂರಿಸಿ ಬಿಗಿದರೆ ಎರಡು ಗೋಡೆಗಳೂ ಒಳಕ್ಕೆ ಕುಸಿಯುತ್ತವೆ. ಕುಸಿಯುವ ಗೋಡೆ ಬಿಗಿತವನ್ನು ಹಿಡಿದಿಡುವುದಿಲ್ಲ. ಮೇಜಿನ ಮೇಲಿನ ತುಂಡಿನಲ್ಲಿ ಆಗಿರುವುದು ಇದೇ. ಪರಿಹಾರ ಅಗ್ಗ: ದಪ್ಪ ಗೋಡೆಯ ಪೈಪಿನ ತುಂಡನ್ನು ಚಾಸಿಯ ಒಳಅಗಲಕ್ಕೆ ಸರಿಯಾಗಿ ಲೇತ್‌ನಲ್ಲಿ ಕತ್ತರಿಸಿ ಒಳಗೆ ಸ್ಲೀವ್ ಆಗಿ ಕೂರಿಸಿ, ಅದರೊಳಗಿಂದ ಬೋಲ್ಟು ದಾಟಿಸಿ. ಆಗ ಬಿಗಿತವನ್ನು ಸ್ಲೀವ್ ಹೊರುತ್ತದೆ. ಹೊರಗೆ ಸಣ್ಣ ವಾಷರಿನ ಬದಲು 6 ಮಿ.ಮೀ. ಆಧಾರದ ಪ್ಲೇಟು. ಲೇತ್‌ನವನಿಗೆ ಹತ್ತು ನಿಮಿಷದ ಕೆಲಸ, ಆದರೆ ಮುಂಭಾಗವನ್ನೆಲ್ಲ ಬಿಚ್ಚಬೇಕು. ಆ ಬಿಚ್ಚುವ ಸೋಮಾರಿತನಕ್ಕೆ ಎಷ್ಟೋ ಚಾಸಿಗಳು ಬಲಿಯಾಗಿವೆ.

ಇನ್ನು ವಿಂಚ್ ಕೂರುವ ಎತ್ತರ. ಬಂಪರ್ ಅಂದವಾಗಿ ಕಾಣಲಿ, ರೇಡಿಯೇಟರಿಗೆ ಗಾಳಿ ಸಿಗಲಿ ಎಂದು ವಿಂಚನ್ನು ಚಾಸಿಗಿಂತ ಮೇಲೆ ಕೂರಿಸುತ್ತಾರೆ. ಹಗ್ಗ ಹೊರಡುವ ಗೆರೆ ಚಾಸಿಯ ಬೋಲ್ಟುಗಳಿಗಿಂತ 15 ಸೆಂ.ಮೀ. ಮೇಲಿದೆ ಎನ್ನೋಣ. ಎಡಕ್ಕೆ ಎರಡು, ಬಲಕ್ಕೆ ಎರಡು ಬೋಲ್ಟು, ಒಂದರ ಹಿಂದೊಂದು, ನಡುವೆ 10 ಸೆಂ.ಮೀ. ಅಂತರ. 4.3 ಟನ್ನನ್ನು ನಾಲ್ಕಕ್ಕೆ ಹಂಚಿದರೆ ಬೋಲ್ಟಿಗೆ ಒಂದು ಟನ್ ಚಿಲ್ಲರೆ, ಯಾವ ಕಷ್ಟವೂ ಇಲ್ಲ ಎಂದು ಕಾಣುತ್ತದೆ. ಆದರೆ ಆ 15 ಸೆಂ.ಮೀ. ಎತ್ತರ ಇಡೀ ಬ್ರಾಕೆಟ್ಟನ್ನು ಮುಂದಕ್ಕೆ ಮಗುಚಲು ನೋಡುತ್ತದೆ. ಮಗುಚುವುದನ್ನು ತಡೆಯಲು ಒಂದು ಬೋಲ್ಟು ಮೇಲಕ್ಕೂ ಇನ್ನೊಂದು ಕೆಳಕ್ಕೂ ಒದ್ದಾಡುತ್ತವೆ, ಆ ಒದ್ದಾಟ ತಲಾ 3.2 ಟನ್. ಒಂದಕ್ಕೊಂದು ಲಂಬವಾದ ಈ ಎರಡು ಹೊರೆಗಳನ್ನು ದಿಕ್ಕು ನೋಡಿ ಕೂಡಿಸಿದರೆ ಪ್ರತಿ ಬೋಲ್ಟಿನ ಮೇಲೆ 3.4 ಟನ್ ಬಿತ್ತು. ಅಂಥ ಬೋಲ್ಟು ಅಡ್ಡಕ್ಕೆ ಕತ್ತರಿಸಿಹೋಗುವುದು ಸುಮಾರು 4 ಟನ್ನಿಗೆ. ಉಳಿದಿರುವ ಅಂತರ ಎಷ್ಟು ಕಿರಿದು ನೋಡಿ. ಅದಕ್ಕೂ ಮೊದಲೇ 3 ಮಿ.ಮೀ. ಚಾಸಿ ಗೋಡೆ ತೂತಿನ ಬಾಯಿಯಲ್ಲಿ ಹಿಸುಕಿಕೊಳ್ಳುತ್ತದೆ.

ಈಗ ಒಂದೇ ಒಂದು ಬದಲಾವಣೆ ಮಾಡೋಣ. ಬೋಲ್ಟುಗಳ ನಡುವಿನ ಅಂತರವನ್ನು 10ರಿಂದ 20 ಸೆಂ.ಮೀ.ಗೆ ಹಿಗ್ಗಿಸೋಣ. ಪ್ಲೇಟಿನ ದಪ್ಪ ಅದೇ, ಬೋಲ್ಟು ಅದೇ. ಪ್ರತಿ ಬೋಲ್ಟಿನ ಹೊರೆ 3.4ರಿಂದ 1.9 ಟನ್ನಿಗೆ ಇಳಿಯಿತು. ಗಾತ್ರಕ್ಕಿಂತ ಸೂತ್ರ ಮುಖ್ಯ ಎಂದು ನಮ್ಮ ಹಿರಿಯರು ಹೇಳಿದ್ದು ವಿಂಚ್ ನೋಡಿ ಅಲ್ಲ, ಆದರೂ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಮುಂದಿನ ಹೆಜ್ಜೆಯಾಗಿ ವಿಂಚನ್ನು 5 ಸೆಂ.ಮೀ. ಕೆಳಗಿಳಿಸಿದರೆ ಇನ್ನೂ ಒಳ್ಳೆಯದು. ಪಾದ ಕೆಳಗಾಗಿ ಕೂರಿಸಿದ ವಿಂಚಿನಲ್ಲಿ ಹಗ್ಗ ಡ್ರಮ್ಮಿನ ತಳಭಾಗದಿಂದ ಹೊರಡಬೇಕು. ಕೆಲವರು ಹಗ್ಗ ಬದಲಿಸುವಾಗ ಮೇಲಿನಿಂದ ಸುತ್ತಿಬಿಡುತ್ತಾರೆ. ಸನ್ನೆಯ ತೋಳೂ ಬೆಳೆಯಿತು, ವಿಂಚಿನ ಬ್ರೇಕೂ ಕೈಕೊಟ್ಟಿತು.

ಓರೆ ಎಳೆತದ ಬಗ್ಗೆ ಒಂದು ಮಾತು. ಮರ ಎದುರಿಗೆ ಇರುವುದಿಲ್ಲ, ಪಕ್ಕಕ್ಕೆ ಇರುತ್ತದೆ. 30 ಡಿಗ್ರಿ ಓರೆಯಾಗಿ ಎಳೆದರೆ ಎಳೆತದ ಅರ್ಧ ಭಾಗ ಅಡ್ಡಕ್ಕೆ ಬೀಳುತ್ತದೆ. ಎಡ ಬಲ ಬ್ರಾಕೆಟ್‌ಗಳನ್ನು ಬಿಡಿಬಿಡಿಯಾಗಿ ಬಿಟ್ಟಿದ್ದರೆ ಎರಡೂ ಒಂದೇ ಕಡೆಗೆ ವಾಲುತ್ತವೆ. ಅವುಗಳ ನಡುವೆ ಗಟ್ಟಿಯಾದ ಅಡ್ಡಪೈಪು ಬೇಕೇ ಬೇಕು. ಎರಡು ಕೊಕ್ಕೆಗಳಿಗೆ ಒಂದೇ ಪಟ್ಟಿ ಹಾಕಿ ನಡುವೆ ಹಿಡಿದು ಎಳೆಯುವಾಗಲೂ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗುತ್ತದೆ. ಪಟ್ಟಿ ಗಿಡ್ಡವಾಗಿ ಎರಡು ತೋಳುಗಳ ನಡುವಿನ ಕೋನ 120 ಡಿಗ್ರಿ ಆದರೆ ಪ್ರತಿ ಕೊಕ್ಕೆಯ ಮೇಲೂ ಪೂರ್ತಿ ಎಳೆತ ಬೀಳುತ್ತದೆ, ಹಂಚಿಕೆಯ ಲಾಭ ಸೊನ್ನೆ. ಉದ್ದದ ಪಟ್ಟಿ ಹಾಕಿ ಕೋನವನ್ನು 60 ಡಿಗ್ರಿಯೊಳಗೆ ಇಡಿ.

ವೆಲ್ಡಿಂಗ್. ಬ್ರಾಕೆಟ್ಟನ್ನು ಬೆಂಚಿನ ಮೇಲೆ ವೆಲ್ಡ್ ಮಾಡಿ, ಚಾಸಿಗೆ ಬೋಲ್ಟಿನಲ್ಲಿ ಕಟ್ಟಿ ಎಂಬುದು ನನ್ನ ಪಕ್ಷ. ಚಾಸಿಯ ಮೇಲೆ ವೆಲ್ಡ್ ಮಾಡಲೇಬೇಕಾದರೆ ಬೆಸುಗೆ ಚಾಸಿಯ ಉದ್ದಕ್ಕೆ ಓಡಲಿ, ಅಡ್ಡಕ್ಕೆ ಗೆರೆ ಎಳೆದಂತೆ ಬೇಡ. ಅಡ್ಡ ಬೆಸುಗೆಯ ಪಕ್ಕದಲ್ಲಿ ಕಾದು ಗುಣ ಬದಲಿಸಿಕೊಂಡ ಲೋಹದ ಪಟ್ಟಿಯೇ ಮುಂದೆ ಬಿರುಕಿನ ದಾರಿಯಾಗುತ್ತದೆ. ಸೇರಿಸುವ ಪ್ಲೇಟಿನ ತುದಿ ಮೀನಿನ ಬಾಲದಂತೆ ಮೊನಚಾಗಲಿ. ಮನೆ ಗೇಟು ಬೆಸೆಯುವ ಸಣ್ಣ ಯಂತ್ರದಲ್ಲಿ 12 ಮಿ.ಮೀ. ಪ್ಲೇಟು ಬೆಸೆದರೆ ಮೇಲೆ ಚೆಂದದ ಹೊಲಿಗೆ ಕಾಣುತ್ತದೆ, ಒಳಗೆ ಅಂಟಿಕೊಂಡೇ ಇರುವುದಿಲ್ಲ. ಇಂಥ ಕೆಲಸಕ್ಕೆ 7018 ಎಂಬ ವೆಲ್ಡಿಂಗ್ ರಾಡು ಒಳ್ಳೆಯದು, ಆದರೆ ಅದು ಒಣಗಿರಬೇಕು. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ಶೆಡ್ಡಿನ ಮೂಲೆಯಲ್ಲಿ ಬಿಟ್ಟ ರಾಡು ತೇವ ಹೀರಿ ಬೆಸುಗೆಯೊಳಗೆ ಬಿರುಕು ಬಿತ್ತುತ್ತದೆ. ಕೆಲಸ ಶುರುವಾಗುವ ಮೊದಲು ಬ್ಯಾಟರಿ ಬಿಚ್ಚುವುದನ್ನು ಹೇಳಿಕೊಡಬೇಕಾಗಿಲ್ಲ ಎಂದುಕೊಳ್ಳುತ್ತೇನೆ.

ಈಗ ಎಲ್ಲಕ್ಕಿಂತ ಇಕ್ಕಟ್ಟಿನ ವಿಷಯ. ಚಾಸಿಯ ಮುಂದಿನ ಎರಡು ಕೊಂಬುಗಳಲ್ಲಿ ಅಲ್ಲಲ್ಲಿ ತಗ್ಗುಗಳು, ಮಡಿಕೆಗಳು ಇರುತ್ತವೆ. ತಯಾರಕರು ಬೇಕೆಂದೇ ಮಾಡಿದ ದೌರ್ಬಲ್ಯ ಅದು. ಅಪಘಾತದಲ್ಲಿ ಆ ಭಾಗ ಮಡಚಿಕೊಂಡು ಹೊಡೆತವನ್ನು ನುಂಗಬೇಕು, ಏರ್‌ಬ್ಯಾಗ್ ಯಾವ ಕ್ಷಣದಲ್ಲಿ ಬಿಚ್ಚಬೇಕು ಎಂಬ ತೀರ್ಮಾನವೂ ಆ ಮಡಚುವಿಕೆಯನ್ನು ಅವಲಂಬಿಸಿದೆ. ನಾವು ಹೋಗಿ ಅದರ ಮೇಲೆ 10 ಮಿ.ಮೀ. ಪ್ಲೇಟು ಹೊದಿಸುತ್ತೇವೆ. ಕೊಕ್ಕೆ ಗಟ್ಟಿಯಾಯಿತು, ಒಳಗೆ ಕೂತವರ ಎದೆಗೆ ಬೀಳುವ ಹೊಡೆತವೂ ಗಟ್ಟಿಯಾಯಿತು.

ಇದಕ್ಕೆ ಅರ್ಧದಷ್ಟಾದರೂ ಉತ್ತರವಿದೆ. ನಮಗೆ ಬೇಕಿರುವುದು ಎಳೆತಕ್ಕೆ ಬಲ, ಅಪಘಾತ ಕೊಡುವುದು ಒತ್ತಡ. ಎರಡೂ ವಿರುದ್ಧ ದಿಕ್ಕಿನವು. 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಪಟ್ಟಿ ಕಬ್ಬಿಣವನ್ನು ಕೊಕ್ಕೆಯಿಂದ ಅರ್ಧ ಮೀಟರ್ ಹಿಂದಿರುವ ಅಡ್ಡತೊಲೆಗೆ ಕಟ್ಟಿದೆ ಎನ್ನಿ. ಬೋಲ್ಟಿನ ತೂತು ಕಳೆದರೂ ಎಳೆತದಲ್ಲಿ ಅದು ಐದೂವರೆ ಟನ್ ತಾಳುತ್ತದೆ. ಅದೇ ಪಟ್ಟಿಯನ್ನು ಎರಡು ತುದಿಗಳಿಂದ ಒತ್ತಿದರೆ ಮುಕ್ಕಾಲು ಟನ್ ಮುಟ್ಟುವ ಮೊದಲೇ ಬಿಲ್ಲಿನಂತೆ ಬಾಗಿಬಿಡುತ್ತದೆ. ಎಳೆಯುವಾಗ ಹುಲಿ, ಒತ್ತಿದಾಗ ಇಲಿ. ಇಂಥ ಎರಡು ಪಟ್ಟಿಗಳು ಕೊಕ್ಕೆಯ ಹೊರೆಯನ್ನು ಮಡಚುವ ಭಾಗದ ಹಿಂದಕ್ಕೆ ಸಾಗಿಸುತ್ತವೆ, ಮಡಚುವುದಕ್ಕೆ ಹೆಚ್ಚು ಅಡ್ಡಿಯಾಗುವುದಿಲ್ಲ. ಕ್ರ್ಯಾಶ್ ಪರೀಕ್ಷೆಗೆ ಇದು ಬದಲಿ ಎಂದು ನಾನು ಹೇಳುತ್ತಿಲ್ಲ. ದಪ್ಪ ಪೆಟ್ಟಿಗೆ ಕಟ್ಟುವುದಕ್ಕಿಂತ ಇದು ಎಷ್ಟೋ ವಾಸಿ.

ಕಾನೂನನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. ತುಮಕೂರು ರಸ್ತೆಯಲ್ಲಿ ನಿಮ್ಮ ಕಬ್ಬಿಣದ ಬಂಪರಿಗೆ ಎದುರಾಗುವ ಮೊದಲ ಮೃದು ವಸ್ತು ಸ್ಕೂಟರ್ ಸವಾರನ ಮೊಣಕಾಲು ಎಂಬುದನ್ನು ನೆನೆದರೆ ಆ ಪತ್ರದ ಮೇಲೆ ಸಿಟ್ಟು ಬರುವುದಿಲ್ಲ. ಆದ್ದರಿಂದಲೇ ಬಂಪರಿನ ಹಿಂದೆ ಅಡಗಿ ಕೂರುವ ಕೊಕ್ಕೆ, ಬೇಕಾದಾಗ ಕೂರಿಸಿ ತೆಗೆಯುವ ವಿಂಚ್ ತೊಟ್ಟಿಲು ನನಗೆ ಇಷ್ಟ. ಹೊರಗೆ ಮೆರೆಯುವ ಬಂಪರಿನ ಠೀವಿ ಅವಕ್ಕಿಲ್ಲ, ನಿಜ.

ಸಭೆಯಿಂದ ಬಂದ ಮೊದಲ ಪ್ರಶ್ನೆ: ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬೋಲ್ಟು ಹಾಕಬಹುದಲ್ಲವೇ? ಎಸ್.ಜೆ.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು 450 ಮೆಗಾಪಾಸ್ಕಲ್‌ಗೆ ಹಿಗ್ಗತೊಡಗುತ್ತದೆ, 8.8 ಬೋಲ್ಟು 640ಕ್ಕೆ. ಮಿಂಚುತ್ತದೆ ಎಂದು ಅದನ್ನು ಇಲ್ಲಿ ಹಾಕಬೇಡಿ. ಪಕ್ಕದಲ್ಲಿ ಕೂತಿದ್ದವರು ಹಾಗಾದರೆ 12.9 ಹಾಕೋಣವೇ ಎಂದರು. ಅದೂ ಬೇಡ. ಅಷ್ಟು ಗಡಸು ಬೋಲ್ಟಿಗೆ ಹೊರಗೆ ಜಿಂಕ್ ಲೇಪನ ಮಾಡಿಸಿದರೆ ಲೋಹದೊಳಗೆ ಜಲಜನಕ ಸೇರಿ, ಬಿಗಿದಿಟ್ಟ ಕೆಲವು ದಿನಗಳ ಮೇಲೆ ಎಳೆತವಿಲ್ಲದೆಯೂ ತಲೆ ಹಾರಬಹುದು. 8.8 ಅಥವಾ 10.9, ನಂಬಿಕೆಯ ಅಂಗಡಿಯಲ್ಲಿ, ತಯಾರಕರ ಗುರುತು ತಲೆಯ ಮೇಲೆ ಇರುವಂಥದ್ದು.

ರಾಟೆ ಹಾಕಿ ಹಗ್ಗವನ್ನು ಮಡಚಿ ತಂದರೆ ವಿಂಚಿನ ಹೊರೆ ಇಳಿಯುತ್ತದಲ್ಲ, ಮೌಂಟು ಸಣ್ಣದಿದ್ದರೂ ನಡೆಯುತ್ತದೆಯೇ ಎಂದು ಇನ್ನೊಬ್ಬರು ಕೇಳಿದರು. ಅದೇ ಎಳೆತಕ್ಕೆ ವಿಂಚಿನ ಮೇಲಿನ ಹೊರೆ ಅರ್ಧವಾಗುವುದು ನಿಜ. ಆದರೆ ಹಗ್ಗದ ಇನ್ನೊಂದು ತುದಿ ಬಂದು ಕೂರುವುದು ನಿಮ್ಮ ಮುಂದಿನ ಕೊಕ್ಕೆಯಲ್ಲೇ. ವಿಂಚ್ ಪೂರ್ತಿ ದುಡಿದರೆ ಮೌಂಟಿಗೆ 4.3, ಕೊಕ್ಕೆಗೆ 4.3, ಎರಡನ್ನೂ ಹೊತ್ತ ಅಡ್ಡತೊಲೆಗೆ 8.6 ಟನ್. ಆಚೆ ಮರಕ್ಕೂ ಅಷ್ಟೇ. ಆ ತುದಿಯನ್ನು ವಿಂಚ್ ಪ್ಲೇಟಿಗೇ ಸಿಕ್ಕಿಸುವ ಅಭ್ಯಾಸ ಕೆಲವರಿಗಿದೆ, ಅದನ್ನು ಬಿಡಿ. ಚಾಸಿಗೆ ನೇರವಾಗಿ ಕಟ್ಟಿದ ಕೊಕ್ಕೆಗೆ ಹಾಕಿ.

ಕೊನೆಯದಾಗಿ, ಕೂರಿಸಿದ ಮೇಲೆ ಏನನ್ನು ನೋಡುತ್ತಿರಬೇಕು ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಬಿಗಿದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಗೆರೆ ಸರಿಯಿದ್ದು ವಾಷರಿನ ಸುತ್ತ ಕಂದು ಪುಡಿ ಕಾಣಿಸಿದರೆ ಪ್ಲೇಟು ಜಾರುತ್ತಿದೆ, ಅದನ್ನು ಬಿಚ್ಚಿ ತೂತು ನೋಡಬೇಕು. ಬೆಸುಗೆಯ ಎರಡು ತುದಿಗಳಲ್ಲಿ ಬಣ್ಣ ಕೂದಲಿನಷ್ಟು ಸೀಳಿದ್ದರೂ ಉಜ್ಜಿ ಪರೀಕ್ಷಿಸಿ. ಭಾರಿ ಎಳೆತ ಆದ ದಿನವೇ ಇದನ್ನು ಮಾಡಿ, ಆದರೆ ಗಾಡಿಯನ್ನು ಮೊದಲು ತೊಳೆಯಿರಿ. ಕೆಂಪು ಮಣ್ಣು ಮೆತ್ತಿಕೊಂಡಿದ್ದರೆ ತುಕ್ಕಿನ ಪುಡಿಗೂ ಮಣ್ಣಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.